ಆರ್ಕೆಸ್ಟ್ರಾದ ಖರ್ಚು ಯಾರ ಲೆಕ್ಕಕ್ಕೆ? – ಲಂಡನ್ನಿನ ಪಿಯಾನೊ, ಮೈಸೂರಿನ ಹಣ

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ‘ಆರ್ಕೆಸ್ಟ್ರಾ’ ಎಂದರೆ ಎಲ್ಲರ ಕಣ್ಣ ಮುಂದೆ ಒಂದೇ ಚಿತ್ರ ಬರುತ್ತದೆ. ಜಾತ್ರೆಯದೋ ಮದುವೆಯದೋ ರಾತ್ರಿ, ಒಂದು ಸ್ಟೇಜು, ಇಬ್ಬರು ಮೂವರು ಹಾಡುವವರು, ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ದೊಡ್ಡ ಸ್ಪೀಕರುಗಳು, ಸಿನಿಮಾ ಹಾಡುಗಳು. ಆದರೆ ಈ ಪದ ಹುಟ್ಟಿ ಬೆಳೆದ ಯುರೋಪಿನಲ್ಲಿ ಅದರ ಅರ್ಥ ಬೇರೆ. ಅಲ್ಲಿ ಆರ್ಕೆಸ್ಟ್ರಾ ಎಂದರೆ 60ರಿಂದ 90 ಜನ ವಾದಕರು ಒಟ್ಟಿಗೆ ಕುಳಿತು, ಬರೆದಿಟ್ಟ ಸ್ವರಗಳನ್ನು ನೋಡಿಕೊಂಡು, ಒಬ್ಬ ನಿರ್ದೇಶಕನ ಕೈ ಸನ್ನೆಯಂತೆ ನುಡಿಸುವ ದೊಡ್ಡ ಮೇಳ. ಹಾಡುವವರು ಇರಲೇಬೇಕೆಂದಿಲ್ಲ. ಸ್ಪೀಕರೂ ಬೇಕಿಲ್ಲ.

ಸಂಗೀತದ ಲೇಖನ ಕಾಮರ್ಸ್ ವಿದ್ಯಾರ್ಥಿಗೆ ಯಾಕೆ ಎಂದು ನೀವು ಕೇಳಬಹುದು. ಸ್ಥಿರ ವೆಚ್ಚ, ಸೀಮಾಂತ ಆದಾಯ, ಅವಕಾಶ ವೆಚ್ಚ, ಸಂಭಾವ್ಯ ಹೊಣೆ ಎಂದು ನಾವು ಪುಸ್ತಕದಲ್ಲಿ ಬಾಯಿಪಾಠ ಮಾಡುವ ಪದಗಳೆಲ್ಲ ಇಂಥ ಒಂದು ಕಛೇರಿಯೊಳಗೆ ಒಟ್ಟಿಗೆ ಸಿಗುತ್ತವೆ. ಜೊತೆಗೆ ನಮ್ಮ ರಾಜ್ಯಕ್ಕೆ ಸೇರಿದ ಒಂದು ನಿಜವಾದ ಉದಾಹರಣೆಯೂ ಇದೆ. ಆದ್ದರಿಂದ ಮೊದಲು ಕಛೇರಿ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡು, ಆಮೇಲೆ ಲೆಕ್ಕಕ್ಕೆ ಬರೋಣ.

1. ಮೇಳ ಮತ್ತು ಅತಿಥಿ

ಆರ್ಕೆಸ್ಟ್ರಾದಲ್ಲಿ ನಾಲ್ಕು ಗುಂಪುಗಳಿವೆ. ಮೊದಲನೆಯದು ಪಿಟೀಲು ಮತ್ತು ಅದರ ದೊಡ್ಡ ಅಣ್ಣಂದಿರಂತಿರುವ ತಂತಿವಾದ್ಯಗಳು. ಅರ್ಧಕ್ಕಿಂತ ಹೆಚ್ಚು ಜನ ಇವರೇ. ಎರಡನೆಯದು ಕೊಳಲು, ಓಬೊ, ಕ್ಲಾರಿನೆಟ್ ಮುಂತಾದ ಊದುವ ವಾದ್ಯಗಳು. ಮೂರನೆಯದು ಹಿತ್ತಾಳೆಯ ತುತ್ತೂರಿಗಳು. ನಾಲ್ಕನೆಯದು ನಗಾರಿಯಂಥ ಬಡಿಯುವ ವಾದ್ಯಗಳು. ಇವರೆಲ್ಲ ಸಾಮಾನ್ಯವಾಗಿ ಆ ಮೇಳದ ಕಾಯಂ ನೌಕರರು.

ಕೆಲವು ದಿನ ಹೊರಗಿನಿಂದ ಒಬ್ಬ ಅತಿಥಿ ವಾದಕನನ್ನು ಕರೆಸುತ್ತಾರೆ. ಆತ ಪಿಯಾನೊ ನುಡಿಸುವವನಾದರೆ ಪಿಯಾನೊವನ್ನು ಸ್ಟೇಜಿನ ಮುಂಭಾಗಕ್ಕೆ ತಂದು, ಅದರ ಮುಚ್ಚಳವನ್ನು ಸಭೆಯ ಕಡೆಗೆ ತೆರೆದಿಡುತ್ತಾರೆ. ಒಬ್ಬ ವಾದಕ ಮತ್ತು ಇಡೀ ಮೇಳ ಸೇರಿ ನುಡಿಸಲೆಂದೇ ಬರೆದ ರಚನೆಗೆ ‘ಕನ್ಸರ್ಟೊ’ ಎನ್ನುತ್ತಾರೆ. ಹೆಚ್ಚಾಗಿ ಅದರಲ್ಲಿ ಮೂರು ಭಾಗ ಇರುತ್ತವೆ.

ಕವ್ವಾಲಿ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕವ್ವಾಲಿಯಲ್ಲಿ ಮುಖ್ಯ ಗಾಯಕ ಒಂದು ಸಾಲು ಎತ್ತುತ್ತಾನೆ, ಹಿಂದೆ ಕುಳಿತ ಹಮ್‌ನವಾಗಳು ಅದನ್ನು ಹಿಡಿದು ಮರಳಿ ಕೊಡುತ್ತಾರೆ. ಒಮ್ಮೆ ಅವನೊಬ್ಬನೇ, ಒಮ್ಮೆ ಎಲ್ಲರೂ. ಕನ್ಸರ್ಟೊದಲ್ಲಿಯೂ ಪಿಯಾನೊ ಮತ್ತು ಮೇಳದ ನಡುವೆ ಇದೇ ಕೊಡುಕೊಳ್ಳುವಿಕೆ ನಡೆಯುತ್ತದೆ. ಮೇಳ ಪೂರ್ತಿ ಸುಮ್ಮನಾಗಿ ಅತಿಥಿಯೊಬ್ಬನೇ ತನ್ನ ಕೈಚಳಕ ತೋರಿಸುವ ಜಾಗವೂ ಇರುತ್ತದೆ. ಅದರ ಹೆಸರು ‘ಕೆಡೆಂಜಾ’. ವ್ಯತ್ಯಾಸ ಒಂದೇ: ಕವ್ವಾಲಿ ಕೇಳುವವರ ಉತ್ಸಾಹ ನೋಡಿ ಉದ್ದವಾಗುತ್ತದೆ, ಕನ್ಸರ್ಟೊದಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಸ್ವರವೂ ಮೊದಲೇ ಬರೆದದ್ದು.

ನಮಗೆ ಪರಿಚಯದ ಹಾರ್ಮೋನಿಯಂನಲ್ಲಿ ಗಾಳಿ ಹೋಗಿ ಲೋಹದ ಸಣ್ಣ ಪಟ್ಟಿಗಳು ಕಂಪಿಸುತ್ತವೆ. ಪಿಯಾನೊದಲ್ಲಿ ಮಣೆ ಒತ್ತಿದಾಗ ಉಣ್ಣೆಯ ಬಟ್ಟೆ ಸುತ್ತಿದ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ಮಣೆಗಳು 88, ತಂತಿಗಳು 200ಕ್ಕೂ ಹೆಚ್ಚು. ಮೆಲ್ಲಗೆ ಒತ್ತಿದರೆ ಮೆಲು ದನಿ, ಜೋರಾಗಿ ಒತ್ತಿದರೆ ಜೋರು ದನಿ. ಸುಮಾರು 1700ರಲ್ಲಿ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಇದನ್ನು ಮಾಡಿದಾಗ ‘ಮೆಲು–ಜೋರು’ ಎಂಬ ಅರ್ಥದ ಇಟಾಲಿಯನ್ ಪದಗಳಿಂದಲೇ ಅದಕ್ಕೆ ಹೆಸರು ಬಂತು. ದೊಡ್ಡ ಸಭಾಂಗಣದ ಪಿಯಾನೊ ಸುಮಾರು 9 ಅಡಿ ಉದ್ದ, ತೂಕ ಸುಮಾರು 5 ಕ್ವಿಂಟಲ್. ಸಿತಾರ್ ವಾದಕ ತನ್ನ ಸಿತಾರ್ ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ಪಿಯಾನೊದ ಅತಿಥಿ ಬರುವುದು ಬರಿಗೈಯಲ್ಲಿ. ಸಭಾಂಗಣದಲ್ಲಿ ಯಾವ ಪಿಯಾನೊ ಇದೆಯೋ ಅದನ್ನೇ ಕೆಲವು ಗಂಟೆಗಳಲ್ಲಿ ತನ್ನದಾಗಿಸಿಕೊಳ್ಳಬೇಕು.

ಇನ್ನೊಂದು ಸಣ್ಣ ಸಂಗತಿ. ಸಾಮಾನ್ಯ ದಿನಗಳಲ್ಲಿ ಮೇಳದವರು ಶ್ರುತಿ ಮಾಡಿಕೊಳ್ಳುವುದು ಓಬೊ ಕೊಡುವ ಸ್ವರಕ್ಕೆ. ಪಿಯಾನೊ ಅತಿಥಿ ಇರುವ ದಿನ ಎಲ್ಲರೂ ಪಿಯಾನೊದ ಸ್ವರಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ಯಾಕೆಂದರೆ 200 ತಂತಿಗಳನ್ನು ಸ್ಟೇಜಿನ ಮೇಲೆ ಕೂಡಲೇ ಬದಲಾಯಿಸಲು ಆಗುವುದಿಲ್ಲ. ಮನೆಯವರೇ ಅತಿಥಿಗೆ ಹೊಂದಿಕೊಳ್ಳಬೇಕು.

2. ಮೈಸೂರಿನಲ್ಲಿ ಪಿಯಾನೊ

ಇದೆಲ್ಲ ಪರದೇಶದ ಮಾತಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ, ಪಾಶ್ಚಾತ್ಯ ಸಂಗೀತ ಮೂರಕ್ಕೂ ಜಾಗ ಇತ್ತು. ಆಗ್ರಾ ಘರಾಣೆಯ ಉಸ್ತಾದ್ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಕೊಟ್ಟದ್ದು ಮೈಸೂರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಅಲ್ಲಿಗೆ ಬಂದು ಹಾಡುತ್ತಿದ್ದರು. ಅರಮನೆಗೆ ತನ್ನದೇ ಪಾಶ್ಚಾತ್ಯ ವಾದ್ಯಮೇಳವಿತ್ತು. ಜರ್ಮನಿಯ ಒಟ್ಟೊ ಸ್ಮಿತ್ ಅದನ್ನು ನಡೆಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೇರಣೆಯಿಂದ ವೀಣೆ ವೆಂಕಟಗಿರಿಯಪ್ಪನವರು ವಾದ್ಯಕ್ಕೆಂದೇ ಮಾಡಿದ ಹೊಸ ರಚನೆಗಳ ಹೆಸರು ‘ನಗ್ಮಾ’. ಮನೆಯಲ್ಲಿ ಉರ್ದು ಆಡುವ ನಮಗೆ ಇದು ಹೊಸ ಪದವಲ್ಲ. ಆದರೆ ಅದು ಮೈಸೂರಿನ ವೀಣೆ ವಿದ್ವಾಂಸರ ರಚನೆಗಳಿಗೂ ಹೆಸರಾಗಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ನಾಲ್ವಡಿಯವರ ತಮ್ಮನ ಮಗ ಜಯಚಾಮರಾಜ ಒಡೆಯರ್. ಜನನ 1919ರ ಜುಲೈ 18. ಪಿಯಾನೊ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದರು. ಸಭೆಗಳಲ್ಲಿ ನುಡಿಸುವ ಪಿಯಾನೊ ವಾದಕನಾಗಬೇಕು ಎಂಬುದು ಅವರ ಆಸೆ. ಆದರೆ 1940ರಲ್ಲಿ ತಂದೆ ಮತ್ತು ದೊಡ್ಡಪ್ಪ ಇಬ್ಬರೂ ತೀರಿಕೊಂಡರು. 21ನೇ ವಯಸ್ಸಿಗೆ ಅವರು ಮಹಾರಾಜರಾದರು. ಸ್ಟೇಜಿನ ಕನಸು ಅಲ್ಲಿಗೆ ಮುಗಿಯಿತು. ಮುಂದೆ ಅವರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಪಿಯಾನೊ ಸಂಗೀತವನ್ನು ಮಾತ್ರ ಬೇರೆ ರೀತಿಯಲ್ಲಿ ಸೇವಿಸಿದರು: ತಾವು ನುಡಿಸಲಾಗದ ಕಡೆ ನುಡಿಸುವವರ ಬೆನ್ನಿಗೆ ನಿಂತರು.

3. ಮೆಟ್ನರ್ ಎಂಬ ವೃದ್ಧ ಅತಿಥಿ

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಪಿಯಾನೊ ವಾದಕ ಮತ್ತು ಸಂಗೀತ ರಚನಕಾರ. ರಷ್ಯಾದ ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಅವರ ರಚನೆಗಳನ್ನು ಜರ್ಮನಿಯ ಪ್ರಕಾಶಕರು ಅಚ್ಚು ಹಾಕುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅಲ್ಲಿಂದ ಬರುವ ಹಣ ನಿಂತುಹೋಯಿತು. ಆರೋಗ್ಯವೂ ಕೆಟ್ಟಿತು. ಅಂಥ ದಿನಗಳಲ್ಲಿ ಅವರು ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಬರೆದು ಮುಗಿಸಿದರು. 1944ರ ಫೆಬ್ರವರಿ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದರ ಮೊದಲ ಕಛೇರಿ ನಡೆಯಿತು. ಮೇಳ ಲಂಡನ್ ಫಿಲ್ಹಾರ್ಮೋನಿಕ್, ನಿರ್ದೇಶಕ ಆಡ್ರಿಯನ್ ಬೋಲ್ಟ್, ಪಿಯಾನೊದ ಮುಂದೆ 64 ವರ್ಷದ ಮೆಟ್ನರ್ ತಾವೇ.

ಇಷ್ಟಾದರೂ ಅವರ ಸಂಗೀತಕ್ಕೆ ದೊಡ್ಡ ಮಾರುಕಟ್ಟೆ ಇರಲಿಲ್ಲ. ಆಗ ಕೈ ಚಾಚಿದ್ದು ಮೈಸೂರು. ಮಹಾರಾಜರ ಹಣದಿಂದ ‘ಮೆಟ್ನರ್ ಸೊಸೈಟಿ’ ಎಂಬ ಹೆಸರಿನಲ್ಲಿ ಅವರ ರಚನೆಗಳ ಧ್ವನಿಮುದ್ರಣ ಶುರುವಾಯಿತು. 1947ರಲ್ಲಿ ಮೂರೂ ಪಿಯಾನೊ ಕನ್ಸರ್ಟೊಗಳನ್ನು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಜೊತೆ ಮೆಟ್ನರ್ ಅವರೇ ನುಡಿಸಿದರು. ಮೂರನೆಯ ಕನ್ಸರ್ಟೊವನ್ನು ಅವರು ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಧ್ವನಿಮುದ್ರಣ ಇನ್ನೂ ಐದು ವರ್ಷ ತಡವಾಗಿದ್ದರೆ ಆ ಬೆರಳುಗಳ ದನಿ ಆರ್ಕೆಸ್ಟ್ರಾದ ಜೊತೆ ನಮಗೆ ಸಿಗುತ್ತಿರಲಿಲ್ಲ.

4. ಈಗ ಲೆಕ್ಕ

ಮೊಬೈಲಿನಲ್ಲಿ ಇಂಥ ಒಂದು ಕಛೇರಿಯ ವಿಡಿಯೊ ನೋಡಿ ನಮ್ಮ ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: “ಇತ್ತೆ ಲೋಗಾಂಕು ಪಗಾರ ಕೌನ್ ದೇತಾ?” ಇಷ್ಟು ಜನಕ್ಕೆ ಪಗಾರ ಯಾರು ಕೊಡ್ತಾರೆ? ವಾಣಿಜ್ಯಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಅಂಕಿಗಳು ಕೇವಲ ಅಭ್ಯಾಸಕ್ಕಾಗಿ.

600 ಆಸನಗಳ ಸಭಾಂಗಣ, ಟಿಕೆಟ್ 400 ರೂ. ವಾದಕರು 70 ಜನ, ತಾಲೀಮು ಸೇರಿ ತಲಾ 3,000 ರೂ.ನಂತೆ 2,10,000 ರೂ. ನಿರ್ದೇಶಕರಿಗೆ 50,000 ರೂ. ಸಭಾಂಗಣದ ಬಾಡಿಗೆ ಮತ್ತು ಇತರೆ 40,000 ರೂ. ಒಟ್ಟು ಖರ್ಚು 3,00,000 ರೂ. ಅತಿಥಿ ಇಲ್ಲದ ದಿನ 350 ಜನ ಬಂದರು ಎಂದುಕೊಳ್ಳಿ. ಆದಾಯ 1,40,000 ರೂ., ನಷ್ಟ 1,60,000 ರೂ.

ಈಗ ಅತಿಥಿಯನ್ನು ಕರೆಸೋಣ. ಅವರ ಸಂಭಾವನೆ ಮತ್ತು ಪ್ರಯಾಣ 60,000 ರೂ., ಪಿಯಾನೊ ಬಾಡಿಗೆ ಮತ್ತು ಶ್ರುತಿ ಮಾಡುವವರ ಕೂಲಿ 20,000 ರೂ. ಒಟ್ಟು ಖರ್ಚು 3,80,000 ರೂ.ಗೆ ಏರಿತು. ಅತಿಥಿಯ ಹೆಸರು ಕೇಳಿ 600 ಆಸನವೂ ತುಂಬಿದವು. ಆದಾಯ 2,40,000 ರೂ., ನಷ್ಟ 1,40,000 ರೂ.

ಇದರಲ್ಲಿ ಎರಡು ಪಾಠ ಇವೆ. ಮೊದಲನೆಯದು, ಅತಿಥಿಯಿಂದ ಹೆಚ್ಚಿದ ಖರ್ಚು 80,000 ರೂ., ಹೆಚ್ಚಿದ ಆದಾಯ 1,00,000 ರೂ. ಅಂದರೆ ಅತಿಥಿ ದುಬಾರಿ ಎನಿಸಿದರೂ ನಷ್ಟವನ್ನು 20,000 ರೂ. ಕಡಿಮೆ ಮಾಡಿದರು. ಆರ್ಕೆಸ್ಟ್ರಾಗಳು ಅತಿಥಿಗಳನ್ನು ಕರೆಸುವುದಕ್ಕೆ ಸಂಗೀತದ ಜೊತೆ ಇದೂ ಒಂದು ಕಾರಣ. ಎರಡನೆಯದು, ಒಂದು ಆಸನವೂ ಖಾಲಿ ಇಲ್ಲದಿದ್ದರೂ ನಷ್ಟ ಉಳಿಯಿತು. ಸಮತೋಲನಕ್ಕೆ ಬರಲು ಟಿಕೆಟ್ ಸುಮಾರು 634 ರೂ. ಆಗಬೇಕು. ಆದರೆ ಬೆಲೆ ಏರಿಸಿದರೆ ವಿದ್ಯಾರ್ಥಿಗಳೂ ಸಣ್ಣ ನೌಕರರೂ ಬರುವುದಿಲ್ಲ; ಆಸನ ಮತ್ತೆ ಖಾಲಿ.

ಇದು ಒಂದು ದಿನದ ತೊಂದರೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕ ಸಂಕಟದ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಾದವನ್ನು ನಮ್ಮೂರಿನ ಉದಾಹರಣೆಯಲ್ಲಿ ಹೀಗೆ ಹೇಳಬಹುದು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದರೆ ಅಷ್ಟೇ ಕಾರ್ಮಿಕರು ಹೆಚ್ಚು ಚೀಲ ತುಂಬುತ್ತಾರೆ. ಶಹಾಬಾದ ಕಲ್ಲನ್ನು ಕೈಯಲ್ಲಿ ಉಜ್ಜುವುದಕ್ಕಿಂತ ಪಾಲಿಶ್ ಯಂತ್ರ ಬೇಗ ಉಜ್ಜುತ್ತದೆ. ಹೀಗೆ ಉತ್ಪಾದಕತೆ ಹೆಚ್ಚಿದಂತೆ ಪಗಾರ ಹೆಚ್ಚಿಸಬಹುದು. ಆದರೆ ಮೆಟ್ನರ್ ಅವರ ಮೂರನೆಯ ಕನ್ಸರ್ಟೊ 1944ರಲ್ಲಿ ಸುಮಾರು 35 ನಿಮಿಷ ಹಿಡಿಯಿತು, ಇಂದೂ ಅಷ್ಟೇ ಹಿಡಿಯುತ್ತದೆ. ಅಷ್ಟೇ ಜನ ಬೇಕು. ಅರ್ಧ ಜನರಿಂದ, ಅರ್ಧ ಸಮಯದಲ್ಲಿ ನುಡಿಸಿ ಮುಗಿಸಲು ಬರುವುದಿಲ್ಲ. ವಾದಕನಿಗೆ ಮಾತ್ರ ಊರಿನ ಉಳಿದವರ ಹಾಗೆ ಪಗಾರ ಏರಲೇಬೇಕು, ಇಲ್ಲದಿದ್ದರೆ ಆತ ಬೇರೆ ಕೆಲಸ ಹುಡುಕುತ್ತಾನೆ. ಆದ್ದರಿಂದ ಕಛೇರಿಯ ಖರ್ಚು ವರ್ಷದಿಂದ ವರ್ಷಕ್ಕೆ ಟಿಕೆಟ್ಟಿನ ಹಣವನ್ನು ದಾಟಿ ಹೋಗುತ್ತದೆ. ಶಾಲೆ, ಆಸ್ಪತ್ರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಬ್ಬ ಶಿಕ್ಷಕರು ಪಾಠ ಮಾಡುವ ಒಂದು ಗಂಟೆಯನ್ನು ಯಂತ್ರ ಅರ್ಧ ಗಂಟೆ ಮಾಡಲಾರದು.

5. ಗ್ಯಾರಂಟಿ ಎಂದರೇನು?

ನಷ್ಟ ತುಂಬಲು ಮೂರು ದಾರಿ: ನೇರ ಧನಸಹಾಯ, ಬಂಡವಾಳ ಮತ್ತು ಖಾತರಿ. ಮಹಾರಾಜರ ಉದಾಹರಣೆಯಲ್ಲಿ ಮೂರೂ ಇವೆ.

ನೇರ ಸಹಾಯ: ಫಿಲ್ಹಾರ್ಮೋನಿಯಾವನ್ನು ಕಟ್ಟಿದ ವಾಲ್ಟರ್ ಲೆಗ್ ಅವರಿಗೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. ಆಗ ಒಂದು ಪೌಂಡಿಗೆ ಸುಮಾರು 13.33 ರೂ. ಅಂದರೆ ಮೂರು ವರ್ಷಕ್ಕೆ ಸುಮಾರು 4 ಲಕ್ಷ ರೂ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು.

ಬಂಡವಾಳ: ಮೆಟ್ನರ್ ಧ್ವನಿಮುದ್ರಣ. ಕಛೇರಿ ಮುಗಿದರೆ ಮುಗಿಯಿತು. ಧ್ವನಿಮುದ್ರಣದಲ್ಲಿ ಮೊದಲ ಪ್ರತಿಗೇ ಎಲ್ಲ ಖರ್ಚು. ಆಮೇಲಿನ ಪ್ರತಿಗಳಿಗೆ ಸೀಮಾಂತ ವೆಚ್ಚ ಬಹಳ ಕಡಿಮೆ. ಇಂದು ಮೊಬೈಲಿನಲ್ಲಿ ಕೇಳುವವರಿಗೆ ಅದು ಹೆಚ್ಚುಕಡಿಮೆ ಶೂನ್ಯ.

ಖಾತರಿ: 1950ರ ಮೇ 22ರಂದು ಅದೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿ ಕೇಳಿಬಂದವು. ಇಲ್ಲಿ ಅತಿಥಿ ಪಿಯಾನೊ ವಾದಕರಲ್ಲ, ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಮೇಳ ಫಿಲ್ಹಾರ್ಮೋನಿಯಾ, ನಿರ್ದೇಶಕ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಈ ಕಛೇರಿಗೆ ಮಹಾರಾಜರು 4,800 ಡಾಲರ್ ಖಾತರಿ ಕೊಟ್ಟಿದ್ದರು. ಆಗಿನ ದರ ಡಾಲರಿಗೆ 4.76 ರೂ.; ಅಂದರೆ ಸುಮಾರು 22,850 ರೂ. ಖಾತರಿ ಎಂದರೆ ದಾನವಲ್ಲ. ಇಂಥದ್ದು ಆದರೆ ನಾನು ಇಷ್ಟರವರೆಗೆ ತುಂಬಿಕೊಡುತ್ತೇನೆ ಎಂಬ ಮಾತು. ನಮ್ಮ ಲೆಕ್ಕಶಾಸ್ತ್ರದಲ್ಲಿ ಇದು ‘ಸಂಭಾವ್ಯ ಹೊಣೆ’. ಅಢಾವೆ ಪತ್ರಿಕೆಯ ಮೊತ್ತದಲ್ಲಿ ಸೇರುವುದಿಲ್ಲ, ಕೆಳಗೆ ಟಿಪ್ಪಣಿಯಾಗಿ ಬರುತ್ತದೆ. ಆದರೆ ಆ ಒಂದು ಟಿಪ್ಪಣಿಯ ಧೈರ್ಯದ ಮೇಲೆ ಸಂಘಟಕರು ಸಭಾಂಗಣ ಹಿಡಿಯಬಹುದು, ಕಲಾವಿದರಿಗೆ ಮಾತು ಕೊಡಬಹುದು. ಮಹಾರಾಜರು ಆ ಸಭೆಯಲ್ಲಿ ಇರಲಿಲ್ಲ. ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಹೇಳುತ್ತಾರೆ. ಆ ರಾತ್ರಿಯ ಧ್ವನಿಮುದ್ರಣವನ್ನೂ ಮೈಸೂರಿಗೆ ಕಳಿಸಬೇಕೆಂಬುದೇ ಏರ್ಪಾಡು.

6. ಆ ಹಣ ಯಾರದು?

ಇಲ್ಲಿ ಒಂದು ಕಠಿಣ ಪ್ರಶ್ನೆ ಕೇಳದೆ ಪಾಠ ಮುಗಿಸುವುದು ಸರಿಯಲ್ಲ. ಅರಮನೆಯ ಹಣ ಎಂದರೂ ಅದರ ಮೂಲ ಪ್ರಜೆಗಳೇ. 4 ಲಕ್ಷ ರೂ. ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಅದರಲ್ಲಿ ಶಾಲೆ, ಬಾವಿ, ಆಸ್ಪತ್ರೆ ಆಗಬಹುದಿತ್ತು. ಬಿಟ್ಟುಕೊಟ್ಟ ಈ ಪ್ರಯೋಜನವೇ ಅವಕಾಶ ವೆಚ್ಚ. ಲಂಡನ್ನಿನ ಆರ್ಕೆಸ್ಟ್ರಾಕ್ಕೆ ಮೈಸೂರಿನ ಹಣ ಏಕೆ ಎಂದು ಒಬ್ಬ ರೈತ ಕೇಳಿದ್ದರೆ ಆ ಪ್ರಶ್ನೆ ತಪ್ಪಾಗುತ್ತಿರಲಿಲ್ಲ.

ಇನ್ನೊಂದು ಕಡೆಯೂ ಇದೆ. ಮಾರುಕಟ್ಟೆಯೊಂದನ್ನೇ ನಂಬಿದ್ದರೆ ಮೆಟ್ನರ್ ಅವರ ಧ್ವನಿಮುದ್ರಣ ಆಗುತ್ತಿರಲಿಲ್ಲ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವನ್ನೇ ನೋಡಿ. ಕಾಗಿಣಾ ದಂಡೆಯ ಆ ಊರು ಒಮ್ಮೆ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ‘ಕವಿರಾಜಮಾರ್ಗ’ ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಆಗ ಅದರ ಪ್ರತಿಗಳನ್ನು ಮಾರಿ ಲಾಭ ಮಾಡುವ ಮಾತೇ ಇರಲಿಲ್ಲ. ಆದರೂ ಆ ಆಶ್ರಯದ ಬಡ್ಡಿಯನ್ನು ಕನ್ನಡ ಓದುವ ನಾವೆಲ್ಲ ಇಂದಿಗೂ ಉಣ್ಣುತ್ತಿದ್ದೇವೆ.

ನನ್ನ ಅಭಿಪ್ರಾಯ ಹೀಗಿದೆ. ಕಲೆಗೆ ಹಣ ಕೊಡುವುದು ತಪ್ಪಲ್ಲ. ಯಾರ ಹಣ, ಯಾರ ಒಪ್ಪಿಗೆಯಿಂದ, ಯಾರಿಗೆ ಸಿಕ್ಕಿತು ಎಂಬ ಮೂರು ಪ್ರಶ್ನೆಗೆ ಲೆಕ್ಕಪತ್ರದಲ್ಲಿ ಉತ್ತರ ಇರಬೇಕು. ರಾಜರ ಕಾಲದಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಇರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಇರಬೇಕು. ಮೈಸೂರು ಮಹಾರಾಜರಿಗೆ ಭಾರತ ಸರ್ಕಾರ ವರ್ಷಕ್ಕೆ 26 ಲಕ್ಷ ರೂ. ರಾಜಧನ ನಿಗದಿ ಮಾಡಿತ್ತು. ಸಂವಿಧಾನದ 26ನೇ ತಿದ್ದುಪಡಿ 1971ರಲ್ಲಿ ಎಲ್ಲ ರಾಜಧನವನ್ನೂ ನಿಲ್ಲಿಸಿತು. ಅಲ್ಲಿಗೆ ಅರಮನೆಯ ಆಶ್ರಯದ ಕಾಲ ಮುಗಿಯಿತು. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗ 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಮೊದಲ ರಾಜ್ಯಪಾಲರು ಇದೇ ಜಯಚಾಮರಾಜ ಒಡೆಯರ್. ಹಾಗಾಗಿ ಅವರು ನಮ್ಮ ಇತಿಹಾಸದವರೂ ಹೌದು.

7. ಇಂದು

ಭಾರತದಲ್ಲಿ ಇಂದು ವೃತ್ತಿನಿರತ ದೊಡ್ಡ ಆರ್ಕೆಸ್ಟ್ರಾ ಎಂದರೆ 2006ರಲ್ಲಿ ಮುಂಬಯಿಯ ಎನ್‌ಸಿಪಿಎಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ನಮ್ಮ ವಾಡಿ ಜಂಕ್ಷನ್‌ನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹೋಗುವುದು ಆ ಊರಿಗೇ. ಬೆಂಗಳೂರಿನಲ್ಲಿ 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಸಂಗೀತ ಕಲಿಸುತ್ತಿದೆ. ಇಂಥ ಸಂಸ್ಥೆಗಳಿಗೆ ಒಬ್ಬ ರಾಜನ ಬದಲು ದಾನಿಗಳು, ಟಿಕೆಟ್, ಶುಲ್ಕ ಹೀಗೆ ಹಲವು ಸಣ್ಣ ಆಸರೆಗಳು ಬೇಕು. ನಮ್ಮ ಊರುಗಳಿಗೆ ಇದು ಹೊಸದೇನಲ್ಲ. ಜಾತ್ರೆಯ ಆರ್ಕೆಸ್ಟ್ರಾಕ್ಕೆ ಕಮಿಟಿಯವರು ಮನೆ ಮನೆಗೆ ಹೋಗಿ ವಂತಿಗೆ ಎತ್ತುತ್ತಾರೆ. ಉರುಸಿನಲ್ಲಿ ಕವ್ವಾಲರ ಮುಂದೆ ಕೇಳುವವರು ತಮ್ಮ ಕೈಲಾದ ನಜರಾನಾ ಇಡುತ್ತಾರೆ. ಹತ್ತು ರೂಪಾಯಿ ಕೊಟ್ಟವನೂ ಆ ರಾತ್ರಿಯ ಮಟ್ಟಿಗೆ ಆಶ್ರಯದಾತನೇ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮೇಲಿನ ಕಾಲ್ಪನಿಕ ಲೆಕ್ಕದಲ್ಲಿ ವಾದಕರ ಸಂಭಾವನೆ ಶೇ. 10 ಏರಿ, ಟಿಕೆಟ್ ದರ ಅಷ್ಟೇ ಇದ್ದರೆ, ಅತಿಥಿ ಬಂದ ದಿನದ ನಷ್ಟ ಎಷ್ಟು?

2. ದಾನಕ್ಕೂ ಖಾತರಿಗೂ ಲೆಕ್ಕಪತ್ರದಲ್ಲಿ ಇರುವ ವ್ಯತ್ಯಾಸವೇನು?

3. ನಿಮ್ಮೂರಿನ ಜಾತ್ರೆ ಅಥವಾ ಉರುಸಿನ ಒಂದು ಕಾರ್ಯಕ್ರಮದ ಜಮಾ–ಖರ್ಚನ್ನು ಕಮಿಟಿಯವರಿಂದ ಕೇಳಿ ಬರೆದುಕೊಳ್ಳಿ. ಅದರಲ್ಲಿ ಸ್ಥಿರ ವೆಚ್ಚ ಯಾವುದು, ಬದಲಾಗುವ ವೆಚ್ಚ ಯಾವುದು ಎಂದು ಬೇರ್ಪಡಿಸಿ.

4. ಮೆಟ್ನರ್ ಅವರ ಮೂರನೆಯ ಕನ್ಸರ್ಟೊವನ್ನು ಒಮ್ಮೆ ಪೂರ್ತಿ ಕೇಳಿ. 35 ನಿಮಿಷದಲ್ಲಿ ಮೇಳ ಸುಮ್ಮನಿದ್ದು ಪಿಯಾನೊ ಒಂದೇ ಮಾತಾಡುವ ಜಾಗಗಳನ್ನು ಗುರುತಿಸಿ. ಆ ಸುಮ್ಮನಿದ್ದ ಹೊತ್ತಿಗೂ ಮೇಳದವರಿಗೆ ಪಗಾರ ಕೊಡಬೇಕೇ? ಕಾರಣ ಬರೆಯಿರಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ